ಮೀನು ಹಿಡಿದ ರುಮಾಲು

ನನ್ನ ಬೀಗತಿಯ ಮನೆಯಲ್ಲಿ ಬತ್ತಲೆ ಇದ್ದದ್ದು ಒಂದೂ ಇರಲಿಲ್ಲ. ಫ್ರಿಜ್ಜಿನ ತಲೆಗೆ ಬಿಳಿ ರುಮಾಲು, ಅದರ ಹಿಡಿಕೆಗೆ ಕೆಂಪು ತೋಳು. ಮಿಕ್ಸರಿಗೆ ಟೋಪಿ. ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಟಿವಿಯ ರಿಮೋಟಿಗೆ ಅಂಗಿ, ಆ ಅಂಗಿಯಲ್ಲಿ ಗುಂಡಿಗಳಿಗೆ ಕಿಂಡಿ. ಕುಡಿಯುವ ನೀರಿನ ಕೊಡಕ್ಕೆ ಮಣಿ ಕಟ್ಟಿದ ಮುಸುಕು. ಎಲ್ಲವೂ ಕ್ರೋಶಾ ಸೂಜಿಯಲ್ಲಿ ಆಕೆಯೇ ಹೆಣೆದದ್ದು. ಹುಮನಾಬಾದಿನ ಆ ಮನೆಗೆ ಮೊದಲ ಸಲ ಹೆಣ್ಣು ನೋಡಲು ಹೋದಾಗ, "ಏನ್ರೀ, ನಿಮ್ಮ ಮನ್ಯಾಗ ಸಾಮಾನಿಗೂ ಥಂಡಿ ಆಗತದೇನು?" ಎಂದು ಕೇಳಿಬಿಟ್ಟೆ. ಜೊತೆಗೆ ಬಂದವರು ನನ್ನ ಸೆರಗು ಎಳೆದರು. ಆಕೆ ನಕ್ಕಳು.

"ಥಂಡಿಗೆ ಅಲ್ರಿ, ಮರ್ಯಾದಿಗೆ."

ಆ ಒಂದು ಮಾತಿಗೇ ನಾನು ಅವಳ ಹಿರಿಯ ಮಗಳನ್ನು ಸೊಸೆಯಾಗಿ ಒಪ್ಪಿದೆ ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಖರೆ ಅಲ್ಲ. ಹುಡುಗಿ ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದಳು, ನನ್ನ ಮಗನಿಗೆ ಮನಸ್ಸಾಗಿತ್ತು, ನಮ್ಮ ಬಸವಕಲ್ಯಾಣದಿಂದ ಹುಮನಾಬಾದಿಗೆ ಬೇಕಾದಷ್ಟು ಬಸ್ಸುಗಳಿದ್ದವು. ಇಷ್ಟೇ.

ಬೀಗತಿ ಗಿಡ್ಡ ಹೆಂಗಸು, ಹಿಟ್ಟಿನ ಉಂಡೆಯ ಹಾಗೆ ದುಂಡಗೆ. ಕನ್ನಡಕಕ್ಕೂ ತಾನೇ ಹೆಣೆದ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ದಾರ ಓಡಿ ಓಡಿ ಎಡಗೈಯ ತೋರುಬೆರಳಿನ ಮೇಲೆ ಬಾವಿಯ ಕಲ್ಲಿಗೆ ಹಗ್ಗ ಕೊರೆದ ಹಾಗೆ ಗೆರೆ ಬಿದ್ದಿತ್ತು. ದಾರದ ಉಂಡೆಯನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ತೂತು ಹೊಡೆಸಿ ಅದರೊಳಗಿಂದ ಎಳೆ ತೆಗೆದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಎದುರಿಗೆ ಕೂತವರು ಊಟದ ಡಬ್ಬಿ ಎಂದು ತಿಳಿದು, "ಬಿಚ್ರಿ ಬಾಯಿ, ನಾಚಿಕಿ ಯಾಕ" ಎಂದು ಒತ್ತಾಯ ಮಾಡಿದ್ದೂ ಉಂಟು. ಹೆಣೆಯುವಾಗ ಯಾರಾದರೂ ಮಾತಾಡಿಸಿದರೆ ಒಂದು ಬೆರಳು ಎತ್ತುತ್ತಿದ್ದಳು: ತಡೀರಿ. ಬಾಯಲ್ಲಿ ಎಣಿಕೆ ನಡೆದಿರುತ್ತಿತ್ತು. ಸಾಲು ಮುಗಿದ ಮೇಲೆ ಉತ್ತರ. ಅಷ್ಟೊತ್ತಿಗೆ ನಾನು ಏನು ಕೇಳಿದ್ದೆ ಎಂಬುದೇ ಮರೆತಿರುತ್ತಿತ್ತು.

ಹೆಣ್ಣು ಕೊಟ್ಟವರು ಬರಿಗೈಯಲ್ಲಿ ಬರಬಾರದು ಎಂಬುದು ಆಕೆಯ ಕಾಯಿದೆ. ಪ್ರತಿ ಹಬ್ಬಕ್ಕೂ ಕಲ್ಯಾಣಕ್ಕೆ ಬರುವಾಗ ಚೀಲದಲ್ಲಿ ಏನಾದರೊಂದು ಮುಸುಕು ಇದ್ದೇ ಇರುತ್ತಿತ್ತು. ನನಗೋ ಅವು ಅಡಚಣೆ. ಧೂಳು ಕೂಡುತ್ತವೆ, ಒಗೆದರೆ ಮುದುಡುತ್ತವೆ. "ಬೀಗತ್ಯಾರ, ಈ ತೂತಿನ ಬಟ್ಟಿಲೆ ಧೂಳು ಹ್ಯಾಂಗ ನಿಂದರತದ?" ಎಂದು ಕೇಳಿದ್ದೆ. ಬೆರಳು ಎತ್ತಿದಳು, ಎಣಿಸಿ ಮುಗಿಸಿದಳು, ಆಮೇಲೆ ಹೇಳಿದಳು: "ಧೂಳು ನಿಂದರ್ಲಿ ಅಂತ ಅಲ್ರಿ. ಬಂದವರ ಕಣ್ಣು ನಿಂದರ್ಲಿ ಅಂತ."

ಹೀಗಾಗಿ ಅವೆಲ್ಲ ನಮ್ಮ ಮನೆಯಲ್ಲಿ ಟ್ರಂಕಿನೊಳಗೆ ಇರುತ್ತಿದ್ದವು. ಆಕೆ ಹುಮನಾಬಾದಿನಲ್ಲಿ ಬಸ್ಸು ಹತ್ತಿದ ಕೂಡಲೇ ಫೋನು ಮಾಡುವ ರೂಢಿ. ಫೋನು ಬಂತೆಂದರೆ ಸೊಸೆ ಟ್ರಂಕು ತೆಗೆದು, ಫ್ರಿಜ್ಜು, ಮಿಕ್ಸರು, ಸಿಲಿಂಡರು ಎಲ್ಲದಕ್ಕೂ ಬಟ್ಟೆ ತೊಡಿಸುತ್ತಿದ್ದಳು. ಒಂದು ಸಲ ಯಾರದೋ ಜೀಪು ಸಿಕ್ಕಿತೆಂದು ಫೋನು ಮಾಡದೆ ಬಂದುಬಿಟ್ಟಳು. ಮನೆಯೆಲ್ಲ ಬತ್ತಲೆ. ಸೊಸೆಯ ಮುಖ ಸುಟ್ಟ ಬದನೆಕಾಯಿ. ಬೀಗತಿ ಒಳಗೆ ಬಂದು, ಒಂದು ಸುತ್ತು ನೋಡಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಭಾಳ ಸೆಕಿ ಅದಲ್ರಿ ಕಲ್ಯಾಣದಾಗ. ಅವಕ್ಕೂ ತ್ರಾಸ ಆಗಿರಬೇಕು. ಛಲೋ ಮಾಡೀರಿ, ಬಿಚ್ಚೀರಿ," ಎಂದು ನೀರು ಕೇಳಿದಳು. ತನ್ನ ಸಾಮಾನಿಗಷ್ಟೇ ಅಲ್ಲ, ಎದುರಿನವರ ನಾಚಿಕೆಗೂ ಮುಸುಕು ಹಾಕುತ್ತಿದ್ದಳು. ನನಗೆ ಆ ವಿದ್ಯೆ ಇಲ್ಲ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕಂಡದ್ದನ್ನು ಹೇಳುವುದೊಂದೇ ಗೊತ್ತು.

ಆದರೆ ಮುಚ್ಚುವ ಕೈ ಒಂದೊಂದು ಸಲ ಹೆಚ್ಚೂ ಮುಚ್ಚುತ್ತದೆ. ಆಕೆಯ ಕಿರಿಯ ಮಗಳ ಮದುವೆಯ ಮಾತು ಬಂದಾಗ ಹಾಗೇ ಆಯಿತು.

ಆ ಹುಡುಗಿಯನ್ನು ನಾವೆಲ್ಲ ಸಣ್ಣಾಕಿ ಎನ್ನುತ್ತಿದ್ದೆವು. ಹುಮನಾಬಾದಿನ ಔಷಧದ ಕಾರ್ಖಾನೆಯೊಂದರಲ್ಲಿ ಗುಳಿಗೆಗಳನ್ನು ಪರೀಕ್ಷೆ ಮಾಡುವ ಕೆಲಸ. ಜಾಣೆ. ಕ್ರೋಶಾ ಸೂಜಿ ಮಾತ್ರ ಯಾವತ್ತೂ ಹಿಡಿದವಳಲ್ಲ. ಭಾಲ್ಕಿಯಿಂದ ವರನ ಕಡೆಯವರು ನೋಡಲು ಬಂದಾಗ ನಾನೂ ಅಲ್ಲೇ ಇದ್ದೆ. ವರನ ತಾಯಿ ಮಾತಿಗೆ ಕೂಡುವ ಮೊದಲೇ ಬಾಗಿಲಿಗೆ ಕಟ್ಟಿದ್ದ ಹೆಣಿಗೆಯ ತೋರಣದ ಹತ್ತಿರ ಹೋಗಿ, ಅದನ್ನು ತಿರುಗಿಸಿ ಬೆನ್ನು ನೋಡಿದಳು. ಹೆಣಿಗೆ ಬಲ್ಲವರು ಮುಖ ನೋಡುವುದಿಲ್ಲವಂತೆ, ಬೆನ್ನು ನೋಡುತ್ತಾರಂತೆ.

"ಯಾರ ಕೈ ಇದು?"

"ನಮ್ಮ ಸಣ್ಣಾಕಿದ್ರಿ," ಎಂದುಬಿಟ್ಟಳು ಬೀಗತಿ. ಬೆರಳು ಎತ್ತಲಿಲ್ಲ, ಎಣಿಸಲಿಲ್ಲ.

ಸಣ್ಣಾಕಿ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವ್ವನ ಮಾತಿಗೆ ಹುಬ್ಬು ಏರಿಸಿದಳು.

"ಹಂಗಾದ್ರ ರುಖವತ್ತಿನಾಗ ನಿನ್ನ ಕೈದು ಒಂದು ರುಮಾಲು ಇರಬೇಕು ನೋಡವ್ವ," ಎಂದಳು ಭಾಲ್ಕಿಯಾಕೆ. "ನಮ್ಮ ಮನಿ ದೇವರ ಮುಂದ ಹಾಸತೀನಿ."

ನಮ್ಮ ಕಡೆ ಮದುವೆಯಲ್ಲಿ ರುಖವತ್ತು ಅಂತ ಒಂದು ಪದ್ಧತಿ ಇದೆ. ಮದುಮಗಳು ತನ್ನ ಕೈಯಾರೆ ಮಾಡಿದ ಕಸೂತಿ, ಹೆಣಿಗೆ, ಮಣಿಯ ಗಿಳಿ, ಕರದಂಟು, ಸಂಡಿಗೆ ಎಲ್ಲವನ್ನೂ ಮಂಟಪದ ಪಕ್ಕದಲ್ಲಿ ಅಂಗಡಿಯ ಹಾಗೆ ಹರವಿಡುತ್ತಾರೆ. ಗಂಡಿನ ಕಡೆಯ ಹೆಂಗಸರು ಬಂದು ಮುಟ್ಟಿ ನೋಡುತ್ತಾರೆ. ಬಹುಪಾಲು ಅವ್ವಂದಿರು, ಅತ್ತಿಗೆಯರು ಮಾಡಿದ್ದೇ ಇರುತ್ತದೆ; ಆದರೆ ಎಲ್ಲರೂ "ಹುಡುಗಿ ಮಾಡ್ಯಾಳ" ಎಂದೇ ಹೇಳುತ್ತಾರೆ.

ಬೀಗತಿಗೆ ಇದರಲ್ಲಿ ಕಷ್ಟ ಕಾಣಲಿಲ್ಲ. ತಾನೇ ಹೆಣೆದು ಇಟ್ಟರಾಯಿತು. ಸಣ್ಣಾಕಿ ಒಪ್ಪಲಿಲ್ಲ. "ಅವ್ವಾ, ಒಂದು ಗುಳಿಗಿ ತೂಕ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರ ನಾ ವಾಪಸ್ ಕಳಸ್ತೀನಿ. ಸುಳ್ಳು ರುಮಾಲು ಹೊತ್ತುಕೊಂಡು ಆ ಮನಿಗೆ ಹ್ಯಾಂಗ ಹೋಗ್ಲಿ? ನಾಳೆ ಅತ್ತಿ 'ಇನ್ನೊಂದು ಮಾಡು' ಅಂದ್ರ ನಿನ್ನ ಕರಕೊಂಡು ಹೋಗ್ಲೇನು? ಒಂದೋ ನಾ ಮಾಡ್ತೀನಿ, ಇಲ್ಲಾ ಖರೆ ಹೇಳ್ತೀನಿ."

"ಖರೆ ಹೇಳಿದ್ರ ನನ್ನ ಇಜ್ಜತ್?"

"ಹಂಗಾದ್ರ ಕಲಿಸು."

ಅಷ್ಟರಲ್ಲಿ ಬೇಸಿಗೆಯ ರಜೆ ಬಂತು. ನನ್ನ ಮೊಮ್ಮಕ್ಕಳ ಪರೀಕ್ಷೆಗಳು ಮುಗಿದಿದ್ದವು, ಯುಗಾದಿಗೆ ಇನ್ನೂ ಕೆಲವು ದಿನ ಇತ್ತು. ನನ್ನ ಮಗ ಸಮುದ್ರ ತೋರಿಸುತ್ತೇನೆಂದು ಜೀಪು ಗೊತ್ತು ಮಾಡಿದ. ಸಣ್ಣಾಕಿ ಮದುವೆಯಾಗಿ ಹೋಗುವ ಮೊದಲು ಎಲ್ಲರೂ ಒಟ್ಟಿಗೆ ಒಂದು ಸಲ ಹೋಗಿಬರೋಣ ಎಂದು ಸೊಸೆಯ ಆಸೆ. ನಾನು, ಬೀಗತಿ ಇಬ್ಬರೂ ಸಮುದ್ರ ಕಂಡವರಲ್ಲ. ಎರಡು ಡಬ್ಬಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಕಟ್ಟಿಕೊಂಡೆವು. ಬೀಗತಿ ಮಾತ್ರ ಅವುಗಳ ಜೊತೆ ದಾರದ ಉಂಡೆಗಳದೇ ಒಂದು ಚೀಲ ತಂದಳು. "ಸಮುದ್ರಕ್ಕೂ ಒಂದು ಮುಸುಕು ಹಾಕತೀರೇನು?" ಎಂದು ಕೇಳಿದೆ. "ಅಳತಿ ನೋಡಿ ಹೇಳ್ತೀನ್ರಿ," ಎಂದಳು.

ರತ್ನಾಗಿರಿ ಕಡೆಯ ಒಂದು ಸಣ್ಣ ಊರು. ತೆಂಗಿನ ತೋಟದಲ್ಲಿ ಮನೆ, ಮನೆಯ ಮುಂದೆ ಮರಳು, ಮರಳಿನ ಮುಂದೆ ನೀರು. ಇಷ್ಟೊಂದು ನೀರು, ಕುಡಿಯಲು ಬರುವುದಿಲ್ಲ ಎಂದು ನನಗೆ ಸಿಟ್ಟೇ ಬಂತು. ಮರುದಿನ ಡಬ್ಬಿ ತೆಗೆದರೆ ನಮ್ಮ ಕಟಕ ರೊಟ್ಟಿ ಒಗೆದ ಅರಿವೆಯ ಹಾಗೆ ಜೋತುಬಿದ್ದಿದ್ದವು. ಅಲ್ಲಿಯ ಗಾಳಿಯೇ ಹಸಿ. ಮೊಮ್ಮಕ್ಕಳಿಗೆ ಅದೂ ಮೋಜು. ರೊಟ್ಟಿಯನ್ನು ಸುರುಳಿ ಸುತ್ತಿ ತಿಂದರು.

ಬೀಗತಿ ಮರಳಿನ ಮೇಲೆ ಚಾಪೆ ಹಾಕಿ, ಸಮುದ್ರಕ್ಕೆ ಬೆನ್ನು ಮಾಡಿ ಕೂತಳು. ಎದುರಿಗೆ ಕೂತರೆ ಗಾಳಿ ದಾರ ಹಾರಿಸುತ್ತದಂತೆ. ಆಕೆಯ ಎದುರಿಗೆ ಸಣ್ಣಾಕಿ. ಊರೂರಿನವರು ನೋಡಲು ಬರುವ ನೀರನ್ನು ಬೆನ್ನಿಗೆ ಹಾಕಿ, ಇವಳು ಮಗಳ ಬೆರಳನ್ನೇ ನೋಡುತ್ತ ಕೂತಳು.

ದುಂಡನೆಯ ರುಮಾಲು ನಡುವಿನಿಂದ ಹುಟ್ಟಿ ಸುತ್ತು ಸುತ್ತಾಗಿ ಬೆಳೆಯುತ್ತದೆ. ಪ್ರತಿ ಸುತ್ತಿಗೂ ಒಂದಿಷ್ಟು ಟಾಂಕಾ, ಅಂದರೆ ಕುಣಿಕೆ, ಹೆಚ್ಚಿಸುತ್ತ ಹೋಗಬೇಕು. ಹೆಚ್ಚಿಸದಿದ್ದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಸಣ್ಣಾಕಿ ದಾರವನ್ನು ಜಗ್ಗಿ ಜಗ್ಗಿ ಬಿಗಿ ಮಾಡುತ್ತಿದ್ದಳು, ಹೆಚ್ಚಿಸುವುದನ್ನು ಮರೆಯುತ್ತಿದ್ದಳು. ರುಮಾಲು ಪ್ರತಿ ಸಲವೂ ಬಟ್ಟಲು.

"ಎಷ್ಟು ಜಗ್ಗತೀ? ಎಮ್ಮಿ ಕಟ್ಟಾಕತ್ತೀಯೇನು?" ಎಂದು ಬೀಗತಿ ಬೈದು, ಎಳೆ ಹಿಡಿದು ಸರ್ರನೆ ಬಿಚ್ಚಿಬಿಡುತ್ತಿದ್ದಳು. ಮುಂಜಾನೆಯಿಂದ ಮಾಡಿದ್ದು ಕ್ಷಣದಲ್ಲಿ ನೂಲು. ಸಣ್ಣಾಕಿ ಹಲ್ಲು ಕಚ್ಚಿ ಮತ್ತೆ ಶುರು ಮಾಡುತ್ತಿದ್ದಳು. ಬಿಚ್ಚಿ ಬಿಚ್ಚಿ ಬಿಳಿ ದಾರ ಗುಂಗುರು ಕೂದಲಾಯಿತು, ಮರಳು ಹತ್ತಿ ಗೋಧಿಬಣ್ಣ ಬಂತು.

ಒಂದು ಮುಂಜಾನೆ ನಾನು ಎದ್ದು ಪಡಸಾಲೆಗೆ ಬಂದರೆ ಬೀಗತಿ ಒಬ್ಬಳೇ ಕೂತು ಹೆಣೆಯುತ್ತಿದ್ದಾಳೆ. ಕೈಯಲ್ಲಿ ಹಾಲಿನಂಥ ಬಿಳಿ ರುಮಾಲು, ಕೊನೆಯ ಸುತ್ತಿಗೆ ಬಂದಿತ್ತು. ನಡುವೆ ಕಮಲ, ಸುತ್ತ ನವಿಲುಗರಿ. ನನ್ನಂಥ ಒರಟು ಹೆಂಗಸಿಗೂ ಮುಟ್ಟಬೇಕು ಅನಿಸಿತು. ನನ್ನ ಹಿಂದೆಯೇ ಸಣ್ಣಾಕಿ ಬಂದು ನಿಂತಿದ್ದು ಇಬ್ಬರಿಗೂ ತಿಳಿಯಲಿಲ್ಲ.

"ಅದು ಯಾರದು ಅವ್ವಾ?"

ಬೀಗತಿ ಬೆರಳು ಎತ್ತಿದಳು. ಬಹಳ ಹೊತ್ತು ಎಣಿಸಿದಳು. "ನಿಂದೇ," ಎಂದಳು.

"ನಂದು ಅಲ್ಲೈತಿ, ಮರಳಿನಾಗ," ಎಂದಳು ಹುಡುಗಿ. "ನೀ ಇದನ್ನ ಇಟ್ರ ನಾ ರುಖವತ್ತಿನ ಮುಂದ ನಿಂತು ಎಲ್ಲಾರ ಎದುರಿಗೇ ಹೇಳ್ತೀನಿ." ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳದೆ ಹೋದಳು.

ಬೀಗತಿ ನನ್ನನ್ನು ನೋಡಿದಳು, ನಾನು ಏನಾದರೂ ಮುಚ್ಚುವ ಮಾತು ಆಡುತ್ತೇನೆಂದು. ತಪ್ಪು ಕಡೆ ನೋಡಿದ್ದಳು. "ಬೀಗತ್ಯಾರ," ಎಂದೆ, "ರುಮಾಲು ನೀವೇ ಹೆಣದು ಕೊಡ್ತೀರಿ, ಸರಿ. ಸಂಸಾರಾನೂ ಹೆಣದು ಕೊಡ್ತೀರೇನು?"

ಆಕೆ ಬೆರಳು ಎತ್ತಿದಳು, ಇಳಿಸಿದಳು. ಆ ಹೊತ್ತಿನಲ್ಲಿ ಎಣಿಸುವುದಕ್ಕೂ ಏನೂ ಇರಲಿಲ್ಲ.

ಮುಗಿದ ರುಮಾಲನ್ನು ಮಡಚಿ ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದಳು. ಅಲ್ಲೇ ಆದದ್ದು ಅನಾಹುತ. ಮೊಮ್ಮಕ್ಕಳು, ಅಣ್ಣ ತಂಗಿ ಇಬ್ಬರೂ, ಕಲ್ಲುಬಂಡೆಗಳ ನಡುವೆ ನಿಂತ ನೀರಿನಲ್ಲಿ ಮೀನು ಹಿಡಿಯಲು ಬೆಳಗಿನಿಂದ ಹೊಂಚು ಹಾಕಿದ್ದರು. ಬಲೆ ಇರಲಿಲ್ಲ. ತೂತು ತೂತಿನ ದುಂಡನೆಯ ಬಟ್ಟೆ ಕಿಟಕಿಯಲ್ಲಿ ಕಂಡಿತು. ಕವಲುಕೋಲಿಗೆ ಕಟ್ಟಿದರು, ಹೋದರು.

ನಾವೆಲ್ಲ ಮರಳಿನ ಮೇಲೆ ಕೂತಿದ್ದಾಗ ಇಬ್ಬರೂ ಓಡುತ್ತ ಬಂದರು. ಕೋಲಿನ ತುದಿಯಲ್ಲಿ ಕಮಲ, ಕಮಲದೊಳಗೆ ಬೆಳ್ಳಿಯ ಚೂರಿನಂಥ ಮೀನುಗಳು ಪಟಪಟ, ನವಿಲುಗರಿಗೆ ಜೋತುಬಿದ್ದ ಒಂದು ಏಡಿ.

"ಹುಮನಾಬಾದ ಆಯಿ! ನಿನ್ನ ರುಮಾಲು ಜಬರದಸ್ತ್ ಅದ! ಒಂದೂ ಮೀನು ತಪ್ಪಿಸಿಕೊಳ್ಳಂಗಿಲ್ಲ!"

ಇಡೀ ಬಳಗದಲ್ಲಿ ಮೀನು ಮುಟ್ಟಿದವರಿಲ್ಲ. ಈರುಳ್ಳಿ ಕೊಯ್ದ ಚಾಕುವಿನಲ್ಲಿ ಹಣ್ಣು ಕೊಯ್ಯದ ಹೆಂಗಸು ನನ್ನ ಬೀಗತಿ; ಆಕೆಯ ರುಖವತ್ತಿನ ರುಮಾಲಿನಲ್ಲಿ ಮೀನು. ಸೊಸೆ ತನ್ನ ಮಗನ ಬೆನ್ನಿಗೆ ಕೈ ಎತ್ತಿದಳು. ಬೀಗತಿ ಆ ಕೈ ಹಿಡಿದಳು.

"ಹೊಡೆಯೋದು ಆಮ್ಯಾಲ. ಮೊದಲ ಅವನ್ನ ನೀರಿಗೆ ಬಿಡಬೇಕು. ಸಾಯಾಕತ್ತಾವ."

ಕೋಲು ಹಿಡಿದು ತಾನೇ ನಡೆದಳು. ಬಂದಾಗಿನಿಂದ ಬೆನ್ನು ತೋರಿಸಿದ್ದ ಸಮುದ್ರಕ್ಕೆ ಮೊದಲ ಸಲ ಎದುರಾಗಿ, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗಿಳಿದಳು. ಮೀನುಗಳು ಹೋದವು. ಏಡಿ ಬಿಡಲಿಲ್ಲ. ಎಳೆದರೆ ದಾರ ಹರಿಯುತ್ತದೆ, ಬಿಟ್ಟರೆ ಏಡಿ ಹೋಗುವುದಿಲ್ಲ. ಅಲ್ಲಿ ನಿಂತು ಅದರ ಜೊತೆ ಮಾತಿಗಿಳಿದಳು: "ಬಿಡಪ್ಪಾ, ಮದಿವಿದು ಅದ. ಎಷ್ಟು ಜಗ್ಗತೀ? ನೀನೂ ನಮ್ಮ ಸಣ್ಣಾಕಿ ಹಂಗೇ ಅದಿ ನೋಡು."

ಅಷ್ಟರಲ್ಲಿ ಒಂದು ತೆರೆ ಬಂದು ಆಕೆಯನ್ನು ಕೂಡಿಸಿಬಿಟ್ಟಿತು. ಸೊಂಟದ ತನಕ ನೀರು. ನನ್ನ ಮಗ ಎದ್ದು ಓಡಿದ. ಹತ್ತಿರ ಹೋಗಿ ನೋಡಿದರೆ ಹೆಂಗಸು ನಗುತ್ತಿದ್ದಾಳೆ. ಕನ್ನಡಕ ಕೊರಳಲ್ಲಿ ಜೋಲುತ್ತಿದೆ, ರುಮಾಲು ತಲೆಯ ಮೇಲೆ ಬಿದ್ದಿದೆ, ಏಡಿ ಹೋಗಿದೆ. "ಬೀಗತ್ಯಾರ, ಬರ್ರಿ!" ಎಂದು ನನ್ನನ್ನು ಕೂಗಿದಳು. "ಯಾರೂ ಹೇಳಿಲ್ಲಲ್ರಿ, ಇದು ಹಿಂಗ ಜೀವಂತ ಅದ ಅಂತ!"

ಹೋದೆ. ಇಬ್ಬರು ಮುದುಕಿಯರು ನೀರಲ್ಲಿ ಕೂತೆವು. ತೆರೆ ಬಂದಾಗ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ಮೊಮ್ಮಕ್ಕಳಿಗೆ ಯಾರೂ ಹೊಡೆಯಲಿಲ್ಲ, ಮರೆತೇ ಹೋಯಿತು.

ಹೊತ್ತು ಇಳಿದು ದಡಕ್ಕೆ ಬಂದಾಗ ಸಣ್ಣಾಕಿ ಚಾಪೆಯ ಮೇಲೆ ಒಬ್ಬಳೇ ಹೆಣೆಯುತ್ತಿದ್ದಳು. ನಮ್ಮ ಗದ್ದಲಕ್ಕೆ ತಲೆ ಎತ್ತಿರಲಿಲ್ಲ. ಅವ್ವ ನೀರು ತೊಟ್ಟಿಕ್ಕುತ್ತ ಬಂದು ನಿಂತಾಗ ಕೈಯಲ್ಲಿದ್ದದ್ದನ್ನು ಎತ್ತಿ ಹಿಡಿದಳು. ಅದೇ ಗೋಧಿಬಣ್ಣ, ಅದೇ ಬಟ್ಟಲು. ಆದರೆ ಕೊನೆಯ ಸುತ್ತಿನ ತನಕ ಮುಗಿದಿತ್ತು. ಹುಡುಗಿ ತಾನೇ ಎಳೆಯ ತುದಿಯನ್ನು ಅವ್ವನ ಕಡೆ ಚಾಚಿದಳು, ಬಿಚ್ಚು ಎನ್ನುವ ಹಾಗೆ.

ಬೀಗತಿ ತುದಿ ಹಿಡಿದಳು. ಗಂಟು ಹಾಕಿದಳು. ಹಲ್ಲಿನಿಂದ ಕಡಿದಳು.

"ಇರ್ಲಿ," ಎಂದಳು. "ಬಿಚ್ಚಬ್ಯಾಡ."

ಹುಮನಾಬಾದಿಗೆ ಬಂದ ಮೇಲೆ ತನ್ನ ಕಮಲದ ರುಮಾಲನ್ನು ಅಂಟುವಾಳಕಾಯಿಯಲ್ಲಿ ತೊಳೆದಳು, ನಿಂಬೆಹಣ್ಣಿನಲ್ಲಿ ತೊಳೆದಳು, ಬಿಸಿಲಿಗೆ ಹಾಕಿದಳು. ಹಾಲಿನಂತೆ ಬಿಳಿಯಾಯಿತು, ನಾನು ಕಣ್ಣಾರೆ ಕಂಡೆ. "ಈಗ ಇಡಬಹುದಲ್ರಿ?" ಎಂದರೆ ಮೂಗು ಮುಚ್ಚಿಕೊಂಡಳು. "ಮೀನು ನಾರತದ್ರಿ. ರುಖವತ್ತಿನಾಗ ಹ್ಯಾಂಗ ಇಡ್ಲಿ? ಬ್ಯಾಡ." ಮದುವೆಗೆ ಇನ್ನೂ ದಿನವಿತ್ತು, ಅಂಥದು ಇನ್ನೊಂದು ಹೆಣೆಯಲು ಆಕೆಗೆ ಎಷ್ಟು ಹೊತ್ತು? ಹೆಣೆಯಲಿಲ್ಲ.

ಮದುವೆ ನಮ್ಮ ಕಲ್ಯಾಣದ ಮಂಗಲ ಕಾರ್ಯಾಲಯದಲ್ಲಿ. ರುಖವತ್ತಿನ ಮೇಜಿನ ಮೇಲೆ ಕರದಂಟಿನ ಗೋಪುರ, ಸಂಡಿಗೆ, ಮಣಿಯ ತೋರಣ. ನಡುವೆ ಎಲ್ಲರ ಕಣ್ಣಿಗೆ ಬೀಳುವಲ್ಲಿ ಆ ಗೋಧಿಬಣ್ಣದ ಬಟ್ಟಲು. ಭಾಲ್ಕಿಯಾಕೆ ಬಂದಳು. ಕನ್ನಡಕ ಏರಿಸಿದಳು. ಎತ್ತಿದಳು, ತಿರುಗಿಸಿ ಬೆನ್ನು ನೋಡಿದಳು. ಒಂದಿಷ್ಟು ಮರಳು ಉದುರಿತು.

"ನಿಮ್ಮ ಬಾಗಿಲ ತೋರಣ ಮಾಡಿದ ಕೈ ಇದೇನು?"

ಮದುಮಗಳು ಬಾಯಿ ತೆರೆದಳು. ಬೀಗತಿ ಬೆರಳು ಎತ್ತಿದಳು. ನಾವೆಲ್ಲ ಕಾದೆವು.

"ಅಲ್ರಿ," ಎಂದಳು. "ತೋರಣ ನಂದು. ಇದೊಂದೇ ಆಕಿದು. ಅವತ್ತ ಸುಳ್ಳು ಹೇಳಿದ್ದು ನಾ, ಹುಡುಗಿ ಅಲ್ಲ. ಆಕಿಗೆ ಹೆಣಿಯಾಕ ಬರಂಗಿಲ್ಲ. ಸುಳ್ಳು ಹೇಳಾಕೂ ಬರಂಗಿಲ್ಲ."

ಸುತ್ತಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗತಿಯ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಭಾಲ್ಕಿಯಾಕೆ ಬಟ್ಟಲನ್ನು ಅಂಗೈ ಮೇಲಿಟ್ಟು ತೂಗಿದಳು.

"ಇದನ್ನ ದೇವರ ಮುಂದ ಹ್ಯಾಂಗ ಹಾಸಲಿ? ನೆಲಕ್ಕ ಕೂಡಂಗಿಲ್ಲಲ್ಲ."

"ಹಾಸಬ್ಯಾಡ್ರಿ ಅತ್ತಿ," ಎಂದಳು ಸಣ್ಣಾಕಿ. "ಕಾಯಿ ಇಡ್ರಿ. ಉರುಳಂಗಿಲ್ಲ."

ಭಾಲ್ಕಿಯಾಕೆ ತಟ್ಟೆಯಿಂದ ಒಂದು ತೆಂಗಿನಕಾಯಿ ತೆಗೆದು ಒಳಗಿಟ್ಟಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನಗು ತಡೆಯಲು ನೋಡಿದಳು, ಆಗಲಿಲ್ಲ. ಬೀಗತಿಯ ಕಿವಿಗೆ ಬಾಗಿ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ನ ರುಖವತ್ತಿನಾಗ ಇಟ್ಟದ್ದೆಲ್ಲಾ ನಮ್ಮ ಸ್ವಾದರತ್ತಿ ಮಾಡಿದ್ದು. ಆಮ್ಯಾಲ ಹೆದರಿ ಕಲತೆ. ನಮ್ಮ ಯಜಮಾನ್ರು ಇವತ್ತಿಗೂ ನಂದೇ ಅಂತ ತಿಳಕೊಂಡಾರ. ಹೇಳಬ್ಯಾಡ್ರಿ ಮತ್ತ!"

ಅವತ್ತಿನಿಂದ ಅವರಿಬ್ಬರೂ ಫೋನಿನಲ್ಲಿ ಟಾಂಕಾಗಳ ಮಾತಾಡುತ್ತ ಕೂತರೆ ಅನ್ನ ಸೀದರೂ ಏಳುತ್ತಿರಲಿಲ್ಲ. ಸಣ್ಣಾಕಿ ಮತ್ತೆ ಸೂಜಿ ಹಿಡಿಯಲಿಲ್ಲ. ಯಾರೂ ಹಿಡಿ ಎನ್ನಲೂ ಇಲ್ಲ. ಭಾಲ್ಕಿಯ ದೇವರ ಮುಂದೆ ಇಂದಿಗೂ ಕಾಯಿ ಉರುಳುವುದಿಲ್ಲ.

ಬೀಗತಿ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಊಟ ಮಾಡಿ, ಕೈ ತೊಳೆದು, ಸೂಜಿ ಹಿಡಿದು ಕೂತಾಕೆ ಹಾಗೇ ಗೋಡೆಗೆ ವಾಲಿದಳಂತೆ. ಒಳ್ಳೆಯ ಸಾವು, ಅಳುವಂಥದ್ದೇನಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ಹೊಸ ಇನ್ವರ್ಟರಿಗೆ ಅಂಗಿ ಹೆಣೆಯುತ್ತಿದ್ದಳು. ಅದನ್ನು ಮುಗಿಸಬಲ್ಲವರು ಆ ಮನೆಯಲ್ಲಿ ಇಲ್ಲ. ಇನ್ವರ್ಟರು ಅರ್ಧ ಬತ್ತಲೆ ನಿಂತಿದೆ.

ಕಾರ್ಯವೆಲ್ಲ ಮುಗಿದ ಮೇಲೆ ಸೊಸೆ ಅವ್ವನ ಪೆಟ್ಟಿಗೆ ತೆಗೆದು, ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟಳು. ಕಮಲದ ರುಮಾಲು. ಒಂದು ನವಿಲುಗರಿಯಲ್ಲಿ ಏಡಿ ಕಚ್ಚಿದ ಕಡೆ ಎಳೆ ಸಡಿಲಾಗಿದೆ. ಮುಖಕ್ಕೆ ಹಿಡಿದು ಮೂಸಿದೆ. ತಿರುಗಿಸಿ ಬೆನ್ನಿನ ಕಡೆಯಿಂದಲೂ ಮೂಸಿದೆ. ಅಂಟುವಾಳದ ವಾಸನೆ, ಪೆಟ್ಟಿಗೆಯ ಕಟ್ಟಿಗೆಯ ವಾಸನೆ.

ಮೀನು ಎಲ್ಲಿಯೂ ನಾರುವುದಿಲ್ಲ. ಎಂದೂ ನಾರುತ್ತಿರಲಿಲ್ಲ, ಸುಳ್ಳುಬುರುಕಿ.

ಈಗ ಅದು ನಮ್ಮ ಫ್ರಿಜ್ಜಿನ ಮೇಲಿದೆ. ಧೂಳು ಕೂಡುತ್ತದೆ, ಒಗೆದರೆ ಮುದುಡುತ್ತದೆ. ಬಸ್ಸು ಹತ್ತಿದೆ ಎಂದು ಹುಮನಾಬಾದಿನಿಂದ ಯಾರೂ ಫೋನು ಮಾಡುವುದಿಲ್ಲ. ಆದರೂ ತೆಗೆದು ಟ್ರಂಕಿಗೆ ಹಾಕಿಲ್ಲ. ಆ ಹೆಂಗಸಿನದು ಹೇಳಲಾಗುವುದಿಲ್ಲ. ಫೋನು ಮಾಡದೆಯೂ ಬರುತ್ತಿದ್ದಳು.